ಕಾರ್ಡ್‌ಲೆಸ್ ಮೈಕ್‌ಗೂ ಒಂದು ಗಂಟೆ ಕೊಡಿ

ಮಾನ್ಯ ಸಂಪಾದಕರೇ,

ಸಭೆಯಲ್ಲಿ ಮೈಕ್ ಕೈಕೊಟ್ಟರೆ ಜನ ಮೊದಲು ತಿರುಗಿ ನೋಡುವುದು ಸೌಂಡ್‌ನವರ ಕಡೆಗೆ. ಇಪ್ಪತ್ತು ವರ್ಷದಿಂದ ಆ ಜಾಗದಲ್ಲಿ ಕೂತವನು ನಾನು. ಕಾರ್ಯಕ್ರಮ ನಡೆಸುವವರಿಗೆ ಹೇಳಲೇಬೇಕಾದ ಒಂದು ಮಾತು ಬಹಳ ದಿನದಿಂದ ಮನಸ್ಸಿನಲ್ಲಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಜಾಗ ಇದ್ದರೆ ಪೂರ್ತಿ ಹಾಕಿ.

ಕೆಲವು ವರ್ಷದ ಹಿಂದೆ ಒಂದು ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು. ಎಂಬತ್ತು ದಾಟಿದ ಒಬ್ಬ ನಿವೃತ್ತ ಮೇಷ್ಟ್ರು ಮಾತಾಡಬೇಕಿತ್ತು. ನಾಲ್ಕು ಪುಟ ಕೈಯಲ್ಲೇ ಬರೆದುಕೊಂಡು ಬಂದಿದ್ದರು. ಬೆಳಿಗ್ಗೆ ನಾವು ಕಾರ್ಡ್‌ಲೆಸ್ ಮೈಕ್ ಟೆಸ್ಟ್ ಮಾಡಿದಾಗ ಎಲ್ಲ ಸರಿಯಿತ್ತು. ಅವರು ಮಾತು ಶುರು ಮಾಡಿ ಎರಡು ನಿಮಿಷವೂ ಆಗಿರಲಿಲ್ಲ, ದನಿ ತುಂಡು ತುಂಡಾಗಿ ಬರತೊಡಗಿತು. ಒಂದು ಪದ ಕೇಳುತ್ತದೆ, ಮುಂದಿನದು ಇಲ್ಲ, ನಡುವೆ ಚರ್ ಅಂತ ಸದ್ದು. ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು, ಮತ್ತೆ ಓದಿದರು, ಮತ್ತೆ ಹೋಯಿತು. ಕೊನೆಗೆ "ನನ್ನ ಗಂಟಲು ಯಾಕೋ ಸರಿಯಿಲ್ಲ, ಕ್ಷಮಿಸಬೇಕು" ಅಂತ ಹೇಳಿ, ಇನ್ನೂ ಎರಡು ಪುಟ ಉಳಿದಿರುವಾಗಲೇ ಕಾಗದ ಮಡಚಿ ಕೂತುಬಿಟ್ಟರು.

ಅವರ ಗಂಟಲು ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನಾವು ಟೆಸ್ಟ್ ಮಾಡಿದಾಗ ವೇದಿಕೆಯ ಹಿಂದಿನ ದೊಡ್ಡ ಎಲ್‌ಇಡಿ ಪರದೆ ಆಫ್ ಇತ್ತು. ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಅದನ್ನು ಆನ್ ಮಾಡಿದರು. ಎಲ್ಲ ಮುಗಿದ ಮೇಲೆ ನಾವು ಪರದೆಯನ್ನು ಆಫ್ ಮಾಡಿ, ಆನ್ ಮಾಡಿ ನೋಡಿದೆವು. ಆನ್ ಮಾಡಿದ ಕೂಡಲೇ, ಮೈಕ್ ಆಫ್ ಇದ್ದರೂ, ಮೈಕ್‌ನ ಸಿಗ್ನಲ್ ಹಿಡಿಯುವ ಪೆಟ್ಟಿಗೆಯಾದ ರಿಸೀವರ್‌ನಲ್ಲಿ ಸಿಗ್ನಲ್ ಕಡ್ಡಿಗಳು ಏರುತ್ತಿದ್ದವು. ಪರದೆಯಿಂದ ಹೊರಡುವ ರೇಡಿಯೋ ಗದ್ದಲ ನಮ್ಮ ಮೈಕ್‌ನ ಫ್ರೀಕ್ವೆನ್ಸಿ ಮೇಲೇ ಬೀಳುತ್ತಿತ್ತು. ಸಾಲದ್ದಕ್ಕೆ ರಿಸೀವರನ್ನು ನಾವು ಹಾಲ್‌ನ ಹಿಂದಿನ ಗೋಡೆ ಹತ್ತಿರ, ಎಲ್ಲ ದನಿಗಳನ್ನು ಬೆರೆಸಿ ಹದ ಮಾಡುವ ಮಿಕ್ಸರ್ ಪಕ್ಕದಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟಿದ್ದೆವು. ಮೈಕ್‌ನ ಸಿಗ್ನಲ್ ಅಲ್ಲಿಗೆ ಬರುವಷ್ಟರಲ್ಲಿ ಸೊರಗಿ ಹೋಗಿರುತ್ತಿತ್ತು, ಆ ಗದ್ದಲದಲ್ಲಿ ಮುಳುಗಿತು.

ಹಾಗಾಗಿ ನಾನು ಹೇಳಬೇಕಾದದ್ದು ಇಷ್ಟೇ. ಕಾರ್ಡ್‌ಲೆಸ್ ಮೈಕ್ ಅಂದರೆ ಬರೀ ಮೈಕ್ ಅಲ್ಲ, ಅದೊಂದು ಚಿಕ್ಕ ರೇಡಿಯೋ ಸ್ಟೇಷನ್. ಕಾರ್ಯಕ್ರಮಕ್ಕೆ ಬೇಕಾದ ಎಲ್ಲವನ್ನೂ ಆನ್ ಮಾಡಿ, ಜನ ಬರುವ ಮುಂಚೆ ಒಂದು ಗಂಟೆ ಸೌಂಡ್‌ನವರ ಕೈಗೆ ಹಾಲ್ ಕೊಡಿ. ಕೊಳ್ಳುವವರು, ಬಾಡಿಗೆಗೆ ತರುವವರು ಕೂಡ ಮೊದಲು ಅದರ ರೇಡಿಯೋ ಹೇಗಿದೆ ಅಂತ ಕೇಳಿ, ದನಿ ಹೇಗಿದೆ ಅನ್ನುವುದು ಆಮೇಲೆ.

ಯಾಕೆ ಅಂದರೆ ಈ ಸ್ಟೇಷನ್ ಬಹಳ ಬಡಪಾಯಿ. ಕೈಯಲ್ಲಿ ಹಿಡಿಯುವ ಮೈಕ್ ಹೊರಹಾಕುವ ಶಕ್ತಿ ಸಾಮಾನ್ಯವಾಗಿ 10ರಿಂದ 50 ಮಿಲಿವ್ಯಾಟ್. ಸಭಿಕರ ಜೇಬಿನಲ್ಲಿರುವ ಮೊಬೈಲ್ ಬೇಕಾದಾಗ 200 ಮಿಲಿವ್ಯಾಟ್‌ವರೆಗೆ ಹೋಗುತ್ತದೆ. ಟಿವಿ, ಎಫ್‌ಎಂ ಕೇಂದ್ರಗಳ ಲೆಕ್ಕ ಸಾವಿರಾರು ವ್ಯಾಟ್‌ನಲ್ಲಿ. ಇಷ್ಟೆಲ್ಲ ಗಲಾಟೆಯ ನಡುವೆ ಅಷ್ಟು ಸಣ್ಣ ದನಿಯನ್ನು ರಿಸೀವರ್ ಹೆಕ್ಕಿ ತೆಗೆಯಬೇಕು. 1953ರಲ್ಲಿ ಷೂರ್ ಕಂಪನಿ ವ್ಯಾಗಬಾಂಡ್ ಅನ್ನುವ ವೈರ್ ಇಲ್ಲದ ಮೈಕ್ ತಂದಿತ್ತು, ಒಳಗೆ ವಾಲ್ವ್‌ಗಳಿದ್ದ ಕಾಲ ಅದು. ಅಲ್ಲಿಂದ ಇಲ್ಲಿಗೆ ಎಲ್ಲ ಬದಲಾಗಿದೆ, ಆದರೆ ಈ ಹೆಕ್ಕುವ ಕಷ್ಟ ಮಾತ್ರ ಹಾಗೇ ಇದೆ.

ಕೊಳ್ಳುವ ವಿಷಯ ಮೊದಲು ಹೇಳುತ್ತೇನೆ. ಜನ ಅಂಗಡಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಮೀಟರ್ ರೇಂಜ್?" ಅಂತ. ಡಬ್ಬಿಯ ಮೇಲೆ 100 ಮೀಟರ್ ಅಂತ ಇದ್ದರೆ ಖುಷಿ. ಆ 100 ಮೀಟರ್ ಬಯಲಿನಲ್ಲಿ, ನಡುವೆ ಏನೂ ಅಡ್ಡವಿಲ್ಲದೆ, ಬೇರೆ ಯಾವ ರೇಡಿಯೋವೂ ಇಲ್ಲದಾಗಿನ ಮಾತು. ತುಂಬಿದ ಹಾಲ್‌ನಲ್ಲಿ ಅದನ್ನು ನಂಬಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಬ್ಯಾಂಡ್‌ನಲ್ಲಿ, ಅಂದರೆ ಫ್ರೀಕ್ವೆನ್ಸಿಗಳ ಯಾವ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ, ಫ್ರೀಕ್ವೆನ್ಸಿ ಬದಲಾಯಿಸಬಹುದಾ, ಒಟ್ಟಿಗೆ ಎಷ್ಟು ಮೈಕ್ ಓಡಿಸಬಹುದು.

ಈಗ ಅಂಗಡಿಗಳಲ್ಲಿ 2.4 ಗಿಗಾಹರ್ಟ್ಸ್‌ನವು ತುಂಬಾ ಸಿಗುತ್ತವೆ. ಪುಟ್ಟದಾಗಿರುತ್ತವೆ, ಡಬ್ಬಿಯಿಂದ ತೆಗೆದು ಆನ್ ಮಾಡಿದರೆ ತಾವೇ ಜೋಡಿಯಾಗುತ್ತವೆ, ಬಹುತೇಕ ದೇಶಗಳಲ್ಲಿ ಲೈಸೆನ್ಸ್ ಬೇಡ. ತರಗತಿಯಂಥ ಸಣ್ಣ ಕೋಣೆಯಲ್ಲಿ ಒಂದೆರಡು ಮೈಕ್‌ಗೆ ಚೆನ್ನಾಗಿಯೇ ಇವೆ, ನಾನೇ ಬಳಸುತ್ತೇನೆ. ಆದರೆ ವೈಫೈ, ಬ್ಲೂಟೂತ್ ಇರುವುದೂ ಅದೇ ಬ್ಯಾಂಡ್‌ನಲ್ಲಿ, ಮೈಕ್ರೋವೇವ್ ಒಲೆ ಸೋರುವುದೂ ಅಲ್ಲೇ. ಖಾಲಿ ಹಾಲ್‌ನಲ್ಲಿ ಟೆಸ್ಟ್ ಮಾಡಿದಾಗ ಒಂದು ತೊಂದರೆಯೂ ಕಾಣುವುದಿಲ್ಲ. ಐನೂರು ಜನ ಐನೂರು ಫೋನ್ ಹಿಡಿದು ಬಂದು ಕೂತ ಮೇಲೆ ಅದೇ ಮೈಕ್ ತಡವರಿಸುತ್ತದೆ. ಮನುಷ್ಯರ ಮೈಯಲ್ಲಿ ನೀರೇ ಜಾಸ್ತಿ ಅಲ್ವಾ, ಈ ಅಲೆಗಳನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಫೋನ್‌ಗಳ ಗದ್ದಲ ಒಂದು ಕಡೆ, ಮೈಗಳ ಗೋಡೆ ಇನ್ನೊಂದು ಕಡೆ. ದೊಡ್ಡ ಸಭೆಗೆ, ನಾಟಕಕ್ಕೆ, ಸಂಗೀತಕ್ಕೆ ಯುಎಚ್‌ಎಫ್, ಅಂದರೆ ಟಿವಿ ಚಾನೆಲ್‌ಗಳಿರುವ ಬ್ಯಾಂಡ್‌ನ ಸೆಟ್‌ಗಳೇ ವಾಸಿ. ಅದಕ್ಕಿಂತ ಕೆಳಗಿನ ಬ್ಯಾಂಡ್‌ನ ಹಳೆಯ ವಿಎಚ್‌ಎಫ್ ಸೆಟ್ ಯಾರಲ್ಲಾದರೂ ಇದ್ದರೆ ಒಂದು ಮೈಕ್‌ಗೆ ನಡೆಯುತ್ತದೆ, ಆಂಟೆನಾ ಉದ್ದವಿರುತ್ತದೆ, ಅಷ್ಟೇ.

ಯುಎಚ್‌ಎಫ್‌ನಲ್ಲೂ ಕಣ್ಣು ಮುಚ್ಚಿ ಕೊಳ್ಳುವ ಹಾಗಿಲ್ಲ. ಈ ಬ್ಯಾಂಡ್‌ನಲ್ಲಿ ನಾವು ಮೊದಲಿಂದ ಟಿವಿ ಚಾನೆಲ್‌ಗಳ ನಡುವಿನ ಖಾಲಿ ಜಾಗದಲ್ಲಿ ಇದ್ದವರು. ಆ ಜಾಗವನ್ನೇ ಈಗ ದೇಶ ದೇಶಗಳಲ್ಲಿ ಮೊಬೈಲ್ ಕಂಪನಿಗಳಿಗೆ ಹಂಚುತ್ತಿದ್ದಾರೆ. ಅಮೆರಿಕದಲ್ಲಿ 2010ರ ಜೂನ್‌ನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ವೈರ್‌ಲೆಸ್ ಮೈಕ್ ಬಳಕೆಯನ್ನೇ ನಿಲ್ಲಿಸಿದರು. 2020ರ ಜುಲೈನಲ್ಲಿ 600ರ ಬ್ಯಾಂಡ್‌ನ ಬಹುಪಾಲು ಕೂಡ ಹೋಯಿತು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಸೆಟ್‌ಗಳು ಒಂದೇ ದಿನಕ್ಕೆ ಬಳಸಬಾರದ ಸಾಮಾನಾದವು. ಸೆಕೆಂಡ್ ಹ್ಯಾಂಡ್ ಸೆಟ್ ತುಂಬಾ ಅಗ್ಗಕ್ಕೆ ಸಿಕ್ಕಿದರೆ ಅದು ಯಾವ ಫ್ರೀಕ್ವೆನ್ಸಿಯದು ಅಂತ ಹಿಂಬದಿಯ ಚೀಟಿ ಓದಿ, ನೀವಿರುವ ಕಡೆ ಅದಕ್ಕೆ ಅವಕಾಶ ಇದೆಯಾ ಅಂತ ಖಚಿತ ಮಾಡಿಕೊಂಡು ಆಮೇಲೆ ದುಡ್ಡು ಕೊಡಿ. ಒಂದೇ ಫ್ರೀಕ್ವೆನ್ಸಿಗೆ ಬೆಸೆದಿರುವ, ಬದಲಾಯಿಸಲು ಬರದ ಸೆಟ್ಟನ್ನಂತೂ ಕೊಳ್ಳಲೇಬೇಡಿ. ಆ ಜಾಗದಲ್ಲಿ ಬೇರೆ ಯಾರಾದರೂ ಇದ್ದರೆ ನಿಮಗೆ ಓಡಲು ದಾರಿಯೇ ಇರುವುದಿಲ್ಲ.

ಡಿಜಿಟಲ್ (ದನಿಯನ್ನು ಅಂಕಿಗಳಾಗಿಸಿ ಕಳಿಸುವುದು) ತಗೊಳ್ಳಲಾ ಅನಲಾಗ್ (ದನಿಯ ಅಲೆಯನ್ನೇ ಕಳಿಸುವುದು) ತಗೊಳ್ಳಲಾ ಅಂತ ತುಂಬಾ ಜನ ಕೇಳುತ್ತಾರೆ. ಅನಲಾಗ್‌ನಲ್ಲಿ ಮೈಕ್ ಕಡೆ ದನಿಯ ಏರಿಳಿತವನ್ನು ಅರ್ಧಕ್ಕೆ ಹಿಂಡಿ ಕಳಿಸಿ ರಿಸೀವರ್ ಕಡೆ ಮತ್ತೆ ಹಿಗ್ಗಿಸುತ್ತಾರೆ, ಕಿವಿ ಚುರುಕಿದ್ದವರಿಗೆ ಅದು ಗೊತ್ತಾಗುತ್ತದೆ. ಡಿಜಿಟಲ್‌ನಲ್ಲಿ ಈ ಹಿಂಡಾಟ ಇಲ್ಲ, ದನಿ ಸ್ವಚ್ಛ. ಆದರೆ ಸಿಗ್ನಲ್ ಸೊರಗಿದಾಗ ಅನಲಾಗ್ ಮೊದಲು ಸ್ವಲ್ಪ ಗರಗರ ಅಂದು ಎಚ್ಚರಿಕೆ ಕೊಡುತ್ತದೆ. ಡಿಜಿಟಲ್ ಕೊನೆಯ ಕ್ಷಣದವರೆಗೂ ಚೆನ್ನಾಗಿದ್ದು ಒಮ್ಮೆಲೇ ಮೌನವಾಗುತ್ತದೆ. ಅದಕ್ಕೇ ಡಿಜಿಟಲ್ ಸೆಟ್ ಇರುವವರು ಕಿವಿಯನ್ನು ನಂಬಿ ಕೂರಬಾರದು, ರಿಸೀವರ್‌ನ ಮೀಟರ್ ನೋಡುತ್ತಾ ಇರಬೇಕು. ಡಿಜಿಟಲ್‌ನಲ್ಲಿ ದನಿ 2ರಿಂದ 4 ಮಿಲಿಸೆಕೆಂಡ್ ತಡವಾಗುತ್ತದೆ ಅಂತ ಹೆದರಿಸುವವರಿದ್ದಾರೆ. 3 ಮಿಲಿಸೆಕೆಂಡ್‌ನಲ್ಲಿ ಗಾಳಿಯಲ್ಲಿ ದನಿ ಸಾಗುವುದು ಸುಮಾರು 1 ಮೀಟರ್. ಭಾಷಣಕ್ಕೆ ಅದು ಏನೂ ಅಲ್ಲ. ಗುಟ್ಟಿನ ಸಭೆ ನಡೆಸುವವರು ಮಾತ್ರ ಎನ್‌ಕ್ರಿಪ್ಷನ್ (ಮಾತನ್ನು ಗುಪ್ತ ಸಂಕೇತವಾಗಿಸುವುದು) ಇರುವ ಡಿಜಿಟಲ್ ಸೆಟ್ಟನ್ನೇ ತಗೊಳ್ಳಬೇಕು, ಯಾಕೆಂದರೆ ಅನಲಾಗ್ ಮೈಕ್‌ನ ಮಾತನ್ನು ಪಕ್ಕದ ಕೋಣೆಯಲ್ಲಿ ಅದೇ ಫ್ರೀಕ್ವೆನ್ಸಿಯ ರಿಸೀವರ್ ಇಟ್ಟುಕೊಂಡವರು ಆರಾಮಾಗಿ ಕೇಳಬಹುದು.

ಈಗ ಎಲ್ಲಕ್ಕಿಂತ ಜಾಸ್ತಿ ಜನ ಎಡವುವ ಜಾಗಕ್ಕೆ ಬರುತ್ತೇನೆ. "ನಮ್ಮ ಸೆಟ್‌ನಲ್ಲಿ 100 ಚಾನೆಲ್ ಇದೆ, ಅಂದಮೇಲೆ ಇನ್ನೂ ನಾಲ್ಕು ಮೈಕ್ ಸೇರಿಸಲು ಏನು ಕಷ್ಟ?" ಅಂತ ಆಯೋಜಕರು ಕೇಳುತ್ತಾರೆ. 100 ಚಾನೆಲ್ ಅಂದರೆ ಕೂರಲು 100 ಜಾಗ ಇವೆ ಅಂತ, 100 ಮೈಕ್ ಒಟ್ಟಿಗೆ ಕೂರಬಹುದು ಅಂತ ಅಲ್ಲ. ಎರಡು ಟ್ರಾನ್ಸ್‌ಮಿಟರ್ (ಮೈಕ್‌ನಲ್ಲಿ ಸಿಗ್ನಲ್ ಕಳಿಸುವ ಭಾಗ) ಹತ್ತಿರ ಹತ್ತಿರ ಬಂದರೆ ಅವುಗಳ ಸಿಗ್ನಲ್ ಒಂದರೊಳಗೊಂದು ಬೆರೆತು ಹೊಸ ಹುಸಿ ಸಿಗ್ನಲ್‌ಗಳನ್ನು ಹುಟ್ಟಿಸುತ್ತವೆ. ನಮ್ಮ ಕೆಲಸದಲ್ಲಿ ಇದಕ್ಕೆ ಇಂಟರ್‌ಮಾಡ್ಯುಲೇಷನ್ ಅನ್ನುತ್ತಾರೆ. ಒಂದು ಮೈಕ್ 500 ಮೆಗಾಹರ್ಟ್ಸ್‌ನಲ್ಲಿ, ಇನ್ನೊಂದು 501ರಲ್ಲಿ ಇದೆ ಅಂದುಕೊಳ್ಳಿ. ಮೊದಲನೆಯದರ ಎರಡರಷ್ಟರಲ್ಲಿ ಎರಡನೆಯದನ್ನು ಕಳೆದರೆ 499. ಎರಡನೆಯದರ ಎರಡರಷ್ಟರಲ್ಲಿ ಮೊದಲನೆಯದನ್ನು ಕಳೆದರೆ 502. ಈ 499, 502ರಲ್ಲಿ ಯಾವ ಮೈಕೂ ಇಲ್ಲದಿದ್ದರೂ ಸಿಗ್ನಲ್ ಇರುತ್ತದೆ. ಅಂಕಿ ನೋಡಲು ಚಂದ ಅಂತ ಮೂರನೇ ಮೈಕನ್ನು ಸುಮ್ನೆ 502ಕ್ಕೆ ಇಟ್ಟರೆ ಅದು ನೇರ ಹುಸಿ ಸಿಗ್ನಲ್‌ನ ಬಾಯಿಗೇ ಬಿತ್ತು. ಬದಲಿಗೆ 502.7ಕ್ಕೆ ಇಟ್ಟು ಲೆಕ್ಕ ಹಾಕಿ ನೋಡಿ, ಒಂದೂ ಅವುಗಳ ಮೇಲೆ ಬೀಳುವುದಿಲ್ಲ.

ಮೈಕ್ ಹೆಚ್ಚಾದ ಹಾಗೆ ಈ ಹುಸಿಗಳು ಬೆಳೆಯುವ ವೇಗ ಮಾತ್ರ ಭಯ ಹುಟ್ಟಿಸುವಂಥದ್ದು. ಮುಖ್ಯವಾಗಿ ಕಾಡುವ ಬಗೆಯವನ್ನಷ್ಟೇ ಎಣಿಸಿದರೂ ಎರಡು ಮೈಕ್‌ಗೆ 2, ಮೂರಕ್ಕೆ 9, ನಾಲ್ಕಕ್ಕೆ 24, ಎಂಟು ಮೈಕ್‌ಗೆ 224. ಹೀಗಿರುವಾಗ ಕಾರ್ಯಕ್ರಮ ಶುರುವಾಗಲು ಹದಿನೈದು ನಿಮಿಷ ಇದೆ ಅನ್ನುವಾಗ ಬಂದು "ಅಣ್ಣಾ, ಇನ್ನೆರಡು ಕಾರ್ಡ್‌ಲೆಸ್ ಹಾಕಿಬಿಡಿ" ಅಂದರೆ ಹೇಗೆ? ಎರಡು ಕುರ್ಚಿ ಜಾಸ್ತಿ ಹಾಕಿದ ಹಾಗೆ ಅಲ್ಲ ಅದು. ಇಡೀ ಲೆಕ್ಕವನ್ನೇ ಮತ್ತೆ ಮಾಡಬೇಕು. ದಯವಿಟ್ಟು ಮೈಕ್ ಎಷ್ಟು ಬೇಕು ಅಂತ ಹಿಂದಿನ ದಿನವೇ ಹೇಳಿ. ಪಕ್ಕದ ಹಾಲ್‌ನಲ್ಲಿ ಇನ್ನೊಂದು ಕಾರ್ಯಕ್ರಮ ಇದ್ದರೆ ಅದನ್ನೂ ಹೇಳಿ, ಅಲ್ಲಿಯ ಸೌಂಡ್‌ನವರ ಜೊತೆ ಮಾತಾಡಿ ಫ್ರೀಕ್ವೆನ್ಸಿ ಹಂಚಿಕೊಳ್ಳಬೇಕಾಗುತ್ತದೆ.

ಲೆಕ್ಕ ಹಾಕಲು ಬರದಿದ್ದರೆ ಹೆದರಬೇಕಿಲ್ಲ. ತಯಾರಕರು ಸೆಟ್‌ನೊಳಗೇ ಗ್ರೂಪ್ ಅಂತ ಮಾಡಿಟ್ಟಿರುತ್ತಾರೆ. ಒಂದೇ ಗ್ರೂಪ್‌ನ ಚಾನೆಲ್‌ಗಳು ಒಂದಕ್ಕೊಂದು ಅಡ್ಡ ಬರದ ಹಾಗೆ ಮೊದಲೇ ಲೆಕ್ಕ ಹಾಕಿದವು. ಎಲ್ಲ ಮೈಕನ್ನೂ ಒಂದೇ ಗ್ರೂಪ್‌ಗೆ ಹಾಕಿ, ಒಂದೊಂದಕ್ಕೆ ಬೇರೆ ಬೇರೆ ಚಾನೆಲ್ ಕೊಟ್ಟರೆ ಅರ್ಧ ತಲೆನೋವು ಕಳೆಯಿತು. ಎರಡು ಕಂಪನಿಯ ಸೆಟ್‌ಗಳನ್ನು ಬೆರೆಸಿದಾಗ ಮಾತ್ರ ಈ ಗ್ರೂಪ್‌ಗಳು ಕೈಹಿಡಿಯುವುದಿಲ್ಲ. ಆಗ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಬೇಕು. ಷೂರ್‌ನ ವೈರ್‌ಲೆಸ್ ವರ್ಕ್‌ಬೆಂಚ್, ಸೆನ್‌ಹೈಸರ್‌ನ ವೈರ್‌ಲೆಸ್ ಸಿಸ್ಟಮ್ಸ್ ಮ್ಯಾನೇಜರ್ ಎರಡೂ ಉಚಿತವಾಗಿ ಸಿಗುತ್ತವೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಬಿಡುವಿದ್ದಾಗ ಕೂತು ಕಲಿಯಿರಿ, ಒಂದು ವಾರ ಸಾಕು.

ಜೋಡಿಸುವ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ರಿಸೀವರ್ ಎಲ್ಲಿಡಬೇಕು ಅನ್ನುವುದು. ಅಭ್ಯಾಸದಂತೆ ಎಲ್ಲರೂ ಅದನ್ನು ಮಿಕ್ಸರ್ ಪಕ್ಕ ಇಡುತ್ತಾರೆ, ಮಿಕ್ಸರ್ ಇರುವುದು ಹಾಲ್‌ನ ಕೊನೆಯಲ್ಲಿ. ನಡುವೆ ಏನೂ ಅಡ್ಡ ಇಲ್ಲ ಅಂದರೂ 5 ಮೀಟರ್ ದೂರದಿಂದ 30 ಮೀಟರ್‌ಗೆ ಹೋದರೆ ಸಿಗ್ನಲ್‌ನ ಶಕ್ತಿ 36ರಲ್ಲಿ ಒಂದು ಪಾಲಾಗುತ್ತದೆ. ನಡುವೆ ಜನ ತುಂಬಿದರಂತೂ ಕೇಳುವುದೇ ಬೇಡ. ರಿಸೀವರನ್ನು ವೇದಿಕೆಯ ಪಕ್ಕಕ್ಕೆ ತನ್ನಿ, ಅಲ್ಲಿಂದ ಮಿಕ್ಸರ್‌ವರೆಗೆ ಆಡಿಯೋ ಕೇಬಲ್ ಎಳೆಯಿರಿ. ಹೊರಗಿನ ಗದ್ದಲ ತಟ್ಟದ ಹಾಗೆ ಮಾಡಿದ ಒಳ್ಳೆಯ ಬ್ಯಾಲೆನ್ಸ್ಡ್ ಆಡಿಯೋ ಕೇಬಲ್ 50 ಮೀಟರ್, 100 ಮೀಟರ್ ಹೋದರೂ ದನಿಗೆ ಏನೂ ಆಗುವುದಿಲ್ಲ. ಆಂಟೆನಾದ ಕೇಬಲ್ ಹಾಗಲ್ಲ, ಉದ್ದವಾದಷ್ಟೂ ಸಿಗ್ನಲ್ಲನ್ನು ತಿನ್ನುತ್ತದೆ, 3 ಡೆಸಿಬಲ್ (ದನಿ, ಸಿಗ್ನಲ್‌ನ ಏರಿಳಿತ ಅಳೆಯುವ ಲೆಕ್ಕ) ಹೋಯಿತು ಅಂದರೆ ಅರ್ಧ ಶಕ್ತಿ ಹೋದ ಹಾಗೆ. ರಿಸೀವರ್ ದೂರವೇ ಇರಬೇಕಾದ ಸಂದರ್ಭ ಬಂದರೆ ದಪ್ಪನೆಯ, ಕಡಿಮೆ ನಷ್ಟದ 50 ಓಮ್ ಕೇಬಲ್ ಹಾಕಿ, ಆಂಟೆನಾವನ್ನಷ್ಟೇ ವೇದಿಕೆ ಹತ್ತಿರ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮನೆಯಲ್ಲಿ ಉಳಿದ ಟಿವಿ ಕೇಬಲ್ ತಂದು ಚುಚ್ಚಬೇಡಿ.

ಆಂಟೆನಾ ಜನರ ತಲೆಗಿಂತ ಮೇಲಿರಲಿ. ಮೈಕ್ ಹಿಡಿದವರು ನಿಂತ ಜಾಗದಿಂದ ನೋಡಿದರೆ ಆಂಟೆನಾ ಕಣ್ಣಿಗೆ ಕಾಣಬೇಕು, ಇಷ್ಟು ನೆನಪಿಟ್ಟುಕೊಂಡರೆ ಸಾಕು. ಕಬ್ಬಿಣದ ಕಂಬ, ಎಲ್‌ಇಡಿ ಪರದೆ, ಲೈಟ್‌ಗಳನ್ನು ತೂಗುಹಾಕುವ ಲೋಹದ ಚೌಕಟ್ಟು (ಟ್ರಸ್) ಇವುಗಳಿಂದ ದೂರ. ಹಾಗಂತ ಮೈಕ್‌ಗೆ ತೀರಾ ಅಂಟಿಕೊಂಡೂ ಬೇಡ, 3 ಮೀಟರ್ ಆದರೂ ಅಂತರ ಇರಲಿ, ಇಲ್ಲದಿದ್ದರೆ ಹತ್ತಿರದ ಮೈಕ್‌ನ ಅಬ್ಬರದಲ್ಲಿ ದೂರದ್ದು ಕೇಳುವುದಿಲ್ಲ. ಎಷ್ಟೋ ಕಡೆ ನಾಲ್ಕಾರು ರಿಸೀವರ್ ಒಂದರ ಮೇಲೊಂದು ಇಟ್ಟು ಹತ್ತು ಹನ್ನೆರಡು ಆಂಟೆನಾ ಒಂದಕ್ಕೊಂದು ತಾಗಿಕೊಂಡು ನಿಂತಿರುವುದನ್ನು ನೋಡಿದ್ದೇನೆ. ಅದರ ಬದಲು ಎರಡು ಒಳ್ಳೆಯ ಆಂಟೆನಾ ಹಾಕಿ ಸ್ಪ್ಲಿಟರ್‌ನಿಂದ ಎಲ್ಲ ರಿಸೀವರ್‌ಗೂ ಹಂಚಿದರೆ ಕೆಲಸ ಅಚ್ಚುಕಟ್ಟಾಗುತ್ತದೆ.

ಆಂಟೆನಾ ಯಾಕೆ ಎರಡು ಅಂತ ಒಬ್ಬ ಆಯೋಜಕರು ಕೇಳಿದ್ದರು. ಮೈಕ್‌ನ ಅಲೆ ನೇರವಾಗಿಯೂ ಬರುತ್ತದೆ, ಗೋಡೆಗೆ, ಕಬ್ಬಿಣಕ್ಕೆ ಬಡಿದು ತಿರುಗಿಯೂ ಬರುತ್ತದೆ. ಕೆಲವು ಜಾಗದಲ್ಲಿ ಈ ಎರಡು ಅಲೆ ಒಂದನ್ನೊಂದು ಅಳಿಸಿಬಿಡುತ್ತವೆ. 600 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಬರೀ 50 ಸೆಂಟಿಮೀಟರ್. ಅಂದರೆ ಭಾಷಣಕಾರರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಸಿಗ್ನಲ್ ಇದ್ದ ಜಾಗದಿಂದ ಇಲ್ಲದ ಜಾಗಕ್ಕೆ ಹೋಗಬಹುದು. ಎರಡು ಆಂಟೆನಾ ಇದ್ದರೆ ಒಂದಕ್ಕೆ ಸಿಗದಿದ್ದಾಗ ಇನ್ನೊಂದಕ್ಕೆ ಸಿಗುತ್ತದೆ, ರಿಸೀವರ್ ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತದೆ. ಇದಕ್ಕೇ ಡೈವರ್ಸಿಟಿ ಅನ್ನುವುದು. ಎರಡನ್ನೂ ಒಂದೇ ದಿಕ್ಕಿಗೆ ಮಡಚಿ ಕೂರಿಸಿದರೆ ಅರ್ಧ ಲಾಭ ಹೋಯಿತು. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ವಾಲಿಸಿ ಅಗಲವಾಗಿ ತೆರೆದಿಡಿ. ಮೈಕ್ ಹೇಗೆ ತಿರುಗಿದರೂ ಎರಡರಲ್ಲಿ ಒಂದಕ್ಕೆ ಹೊಂದಿಕೆಯಾಗುತ್ತದೆ.

ಇನ್ನು ನಾನು ಕೇಳುತ್ತಿರುವ ಆ ಒಂದು ಗಂಟೆ. ಆ ಗಂಟೆಯಲ್ಲಿ ನಾವು ಏನು ಮಾಡುತ್ತೇವೆ ಅಂತ ಗೊತ್ತಿಲ್ಲದೆ ಎಷ್ಟೋ ಜನ "ಹಲೋ ಹಲೋ ಅಂದು ನೋಡಲು ಒಂದು ಗಂಟೆ ಯಾಕೆ" ಅನ್ನುತ್ತಾರೆ. ಮೊದಲು ಎಲ್ಲ ಮೈಕ್ ಆಫ್ ಮಾಡುತ್ತೇವೆ. ಉಳಿದದ್ದೆಲ್ಲ ಆನ್ ಆಗಬೇಕು: ಎಲ್‌ಇಡಿ ಪರದೆ, ಲೈಟ್, ವೈಫೈ, ಕ್ಯಾಮೆರಾದವರ ವೈರ್‌ಲೆಸ್ ವಿಡಿಯೋ, ಕಾವಲಿನವರ ವಾಕಿಟಾಕಿ, ಕಲಾವಿದರ ಕಿವಿಗೆ ಹೋಗುವ ವೈರ್‌ಲೆಸ್ ಮಾನಿಟರ್. ಆಗ ಸ್ಕ್ಯಾನ್ ಮಾಡಿದರೆ ಯಾವ ಜಾಗ ನಿಜವಾಗಿ ಖಾಲಿ ಇದೆ ಅಂತ ಗೊತ್ತಾಗುತ್ತದೆ. ಪರದೆಯವರು ಊಟ ಮುಗಿಸಿ ಬಂದು ಆಮೇಲೆ ಆನ್ ಮಾಡುತ್ತೇವೆ ಅಂದರೆ ಈ ಸ್ಕ್ಯಾನ್‌ಗೆ ಬೆಲೆಯೇ ಇಲ್ಲ, ನಮ್ಮ ಮೇಷ್ಟ್ರಿಗೆ ಆದದ್ದು ಅದೇ. ಖಾಲಿ ಜಾಗ ಸಿಕ್ಕ ಮೇಲೆ ಮೈಕ್‌ಗಳನ್ನು ಒಂದೊಂದಾಗಿ ಆನ್ ಮಾಡುತ್ತೇವೆ. ಎಲ್ಲ ಆನ್ ಆದ ಮೇಲೆ ಒಂದನ್ನು ಮಾತ್ರ ಆಫ್ ಮಾಡಿ ಅದರ ರಿಸೀವರ್ ನೋಡುತ್ತೇವೆ. ಮೈಕ್ ಸತ್ತಿದ್ದರೂ ಸಿಗ್ನಲ್ ತೋರಿಸುತ್ತಿದ್ದರೆ ಅಲ್ಲಿ ಹುಸಿಯೋ, ಬೇರೆ ಯಾರೋ ಇದ್ದಾರೆ ಅಂತ ಅರ್ಥ. ಅದನ್ನು ಬದಲಾಯಿಸಿ ಮತ್ತೆ ನೋಡಬೇಕು. ಹೀಗೆ ಪ್ರತಿಯೊಂದು ಮೈಕ್‌ಗೂ.

ಆಮೇಲೆ ನಡೆದು ನೋಡುವುದು. ಒಬ್ಬರು ಮೈಕ್ ಹಿಡಿದು ಬಿಡದೆ ಮಾತಾಡುತ್ತಾ ವೇದಿಕೆಯ ಮೂಲೆ ಮೂಲೆ, ಪರದೆ ಮರೆ, ಮೆಟ್ಟಿಲು, ಪ್ರಶ್ನೆ ಕೇಳುವವರಿಗೆ ಮೈಕ್ ಹೋಗುವ ಕಡೆಯ ಸಾಲು, ಎಲ್ಲ ಕಡೆ ನಡೆಯಬೇಕು. ಇನ್ನೊಬ್ಬರು ರಿಸೀವರ್ ಮುಂದೆ ಕೂತು ಎಲ್ಲಿ ಕಡ್ಡಿ ಇಳಿಯಿತು ಅಂತ ಬರೆದುಕೊಳ್ಳಬೇಕು. ನಡೆಯುವವರು ಮೈಕನ್ನು ಸುಮ್ನೆ ಎತ್ತಿ ಹಿಡಿದು ನಡೆದರೆ ಪ್ರಯೋಜನವಿಲ್ಲ. ನಿಜವಾಗಿ ಬಳಸುವವರ ಹಾಗೆ ಎದೆಯ ಹತ್ತಿರ ಹಿಡಿದು, ಆಂಟೆನಾಗೆ ಬೆನ್ನು ತಿರುಗಿಸಿಯೂ ನೋಡಬೇಕು. ಖಾಲಿ ಹಾಲ್‌ನಲ್ಲಿ ಒಂದೆರಡು ಕಡ್ಡಿ ಮಾತ್ರ ಸಿಗುವ ಜಾಗ ಜನ ತುಂಬಿದ ಮೇಲೆ ಖಂಡಿತ ಹೋಗುತ್ತದೆ ಅಂತಲೇ ತಿಳಿದು ಆಂಟೆನಾ ಸರಿಸಬೇಕು. ಕೆಲವರು ಟ್ರಾನ್ಸ್‌ಮಿಟರ್‌ನ ಪವರ್ ಪೂರ್ತಿ ಏರಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಪವರ್ ಏರಿದಷ್ಟೂ ಹುಸಿ ಸಿಗ್ನಲ್‌ಗಳೂ ಬಲಿಯುತ್ತವೆ, ಸೆಲ್ ಕೂಡ ಬೇಗ ಮುಗಿಯುತ್ತದೆ. ಆಂಟೆನಾ ಹತ್ತಿರ ಇದ್ದರೆ ಕಡಿಮೆ ಪವರ್ ಸಾಕು.

ಯಾವ ಬಗೆಯ ಮೈಕ್ ಯಾರಿಗೆ ಅನ್ನುವುದನ್ನೂ ಆ ಗಂಟೆಯಲ್ಲೇ ತೀರ್ಮಾನಿಸಿಕೊಳ್ಳಬಹುದು. ಕಾಲರ್ ಮೈಕ್ ನೋಡಲು ಚಂದ, ಎಲ್ಲ ಅತಿಥಿಗಳೂ ಅದನ್ನೇ ಕೇಳುತ್ತಾರೆ. ಆದರೆ ಅದು ಬಾಯಿಂದ ಒಂದು ಗೇಣು ದೂರ ಇರುತ್ತದೆ. ಬಾಯಿಗೂ ಮೈಕ್‌ಗೂ ಅಂತರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ, ಅದನ್ನು ಸರಿದೂಗಿಸಲು ಮಿಕ್ಸರ್‌ನಲ್ಲಿ ಏರಿಸಿದರೆ ಸ್ಪೀಕರ್‌ನ ದನಿ ಮತ್ತೆ ಮೈಕ್‌ಗೆ ಹೋಗಿ ಕುಂಯ್ ಅನ್ನಲು ಶುರುವಾಗುತ್ತದೆ. ಗದ್ದಲದ ಹಾಲ್‌ನಲ್ಲಿ, ನಾಟಕದಲ್ಲಿ, ಓಡಾಡಿಕೊಂಡು ಪಾಠ ಮಾಡುವವರಿಗೆ ಕೆನ್ನೆಗೆ ಅಂಟಿಕೊಂಡಿರುವ ಹೆಡ್‌ಸೆಟ್ ಮೈಕೇ ಸರಿ. ಕೈಮೈಕ್ ಹಿಡಿಯುವವರಿಗೆ ಎರಡು ಮಾತು. ಮೇಲಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಮುಚ್ಚಿದರೆ ಮುಂದಿನ ದನಿಯನ್ನು ಮಾತ್ರ ಹಿಡಿಯುವ ಗುಣ ಹೋಗಿ ಅದು ಎಲ್ಲ ಕಡೆಯದನ್ನೂ ಹಿಡಿದು ಕೂಗುತ್ತದೆ. ಬುಡವನ್ನೂ ಮುಚ್ಚಬೇಡಿ, ಹೆಚ್ಚಿನ ಮೈಕ್‌ಗಳಲ್ಲಿ ಆಂಟೆನಾ ಇರುವುದು ಅಲ್ಲೇ. ನಿರೂಪಕರು ಎರಡು ಮೈಕನ್ನು ಒಂದೇ ಕೈಯಲ್ಲಿ ಜೋಡಿಸಿ ಹಿಡಿಯುವುದನ್ನಂತೂ ಬಿಡಬೇಕು, ಹುಸಿ ಸಿಗ್ನಲ್‌ಗೆ ಅದಕ್ಕಿಂತ ಒಳ್ಳೆಯ ತವರು ಇಲ್ಲ. ಬಳಸದ ಮೈಕ್‌ಗಳನ್ನು ಮೇಜಿನ ಮೇಲೆ ಗುಡ್ಡೆ ಹಾಕುವುದೂ ಹಾಗೆಯೇ, ಒಂದಡಿ ಅಂತರದಲ್ಲಿಡಿ.

ಸೆಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಹೊಸದು ಅಥವಾ ಪೂರ್ತಿ ಚಾರ್ಜ್ ಆದದ್ದು ಹಾಕಿ, ನಡುವೆ ಬಿಡುವು ಇದ್ದರೆ ಆಗ ಬದಲಾಯಿಸಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಮಾಮೂಲಿ ಆಲ್ಕಲೈನ್ 1.5 ವೋಲ್ಟ್. ಮೈಕ್‌ನ ಮೆನುವಿನಲ್ಲಿ ಯಾವ ಸೆಲ್ ಹಾಕಿದ್ದೀರಿ ಅಂತ ಆರಿಸದಿದ್ದರೆ ಅದು ತೋರಿಸುವ ಕಡ್ಡಿಗೆ ಅರ್ಥವಿಲ್ಲ. ದನಿಯ ಮಟ್ಟವನ್ನು ಮೊದಲು ಟ್ರಾನ್ಸ್‌ಮಿಟರ್‌ನಲ್ಲೇ ಸರಿಮಾಡಿ. ಭಾಷಣಕಾರರು ಜೋರಾಗಿ ಮಾತಾಡಿದಾಗ ಕೆಂಪು ದೀಪ ಹತ್ತಬಾರದು, ಮೆಲ್ಲಗೆ ಮಾತಾಡಿದಾಗ ಮೀಟರ್ ಸತ್ತಂತೆಯೂ ಇರಬಾರದು. ಅಲ್ಲೇ ಒಡೆದ ದನಿಯನ್ನು ಮಿಕ್ಸರ್‌ನಲ್ಲಿ ಯಾರೂ ಸರಿಮಾಡಲಾರರು.

ಇನ್ನೂ ಒಂದು ಮಾತು ಆಯೋಜಕರಿಗೆ. ನಿಂತಲ್ಲೇ ನಿಂತು ಮಾತಾಡುವವರಿಗೆ ಕಾರ್ಡ್‌ಲೆಸ್ ಯಾಕೆ ಬೇಕು? ಪೋಡಿಯಂಗೆ ವೈರ್ ಮೈಕ್ ಸಾಕು. ವೈರ್ ಕಂಡರೆ ಫೋಟೋದಲ್ಲಿ ಚೆನ್ನಾಗಿರುವುದಿಲ್ಲ ಅಂತ ಹೇಳುತ್ತಾರೆ, ನನಗೆ ಆ ಮಾತು ಕೇಳಿದಾಗೆಲ್ಲ ಬೇಸರವಾಗುತ್ತದೆ. ಪೋಡಿಯಂ, ತಬಲಾ, ಕೀಬೋರ್ಡ್, ಕೂತು ಹಾಡುವವರು ಇವರಿಗೆಲ್ಲ ವೈರ್ ಕೊಟ್ಟರೆ ಹತ್ತು ಕಾರ್ಡ್‌ಲೆಸ್ ಬೇಕಾದ ಕಡೆ ಮೂರು ಸಾಕಾಗುತ್ತವೆ, ಆ ಮೂರಕ್ಕೆ ನಾವು ಒಳ್ಳೆಯ ಜಾಗ ಹುಡುಕಿ ಕೊಡಬಹುದು.

ಮೇಷ್ಟ್ರು ಮಾತಾಡಿದ ಆ ದಿನವೂ ನಮ್ಮ ಬಳಿ ವೈರ್ ಮೈಕ್ ಇತ್ತು. ಗಾಡಿಯೊಳಗಿನ ಪೆಟ್ಟಿಗೆಯಲ್ಲಿತ್ತು, ಹುಡುಗ ಓಡಿ ಹೋಗಿ ತರುವಷ್ಟರಲ್ಲಿ ಅವರು ಕೂತಾಗಿತ್ತು. ಅಂದಿನಿಂದ ಪ್ರತಿ ಕಾರ್ಯಕ್ರಮದಲ್ಲೂ ವೇದಿಕೆಯ ಎಡಬದಿಯಲ್ಲಿ ಒಂದು ವೈರ್ ಮೈಕ್ ಸ್ಟ್ಯಾಂಡ್ ಮೇಲೆ, ಕೇಬಲ್ ಚುಚ್ಚಿ, ಟೆಸ್ಟ್ ಮಾಡಿ ನಿಲ್ಲಿಸಿರುತ್ತೇನೆ. ಆಯೋಜಕರಲ್ಲಿ ಯಾರಾದರೂ ಅದನ್ನು ಅಲ್ಲಿಂದ ತೆಗೆಯಿರಿ ಅಂದರೆ ಈ ಮೇಷ್ಟ್ರ ಕತೆ ಹೇಳುತ್ತೇನೆ. ಇದುವರೆಗೆ ಕತೆ ಕೇಳಿದವರು ಯಾರೂ ತೆಗೆಸಿಲ್ಲ.

ಇಂತಿ,
ಒಬ್ಬ ಸೌಂಡ್ ಆಪರೇಟರ್